ಕಣ್ಣು ಬಿಟ್ಟ ಫೋಟೋ

ನಮ್ಮ ಮನೆಯ ಯಾವ ಫೋಟೋ ನೋಡಿದರೂ ನನ್ನ ಅತ್ತೆಯ ಕಣ್ಣು ಮುಚ್ಚಿರುತ್ತದೆ. ನಮ್ಮ ಮದುವೆಯ ಆಲ್ಬಮ್ಮಿನಲ್ಲಂತೂ ಅವರು ನಿಂತೇ ನಿದ್ದೆ ಹೊಡೆಯುತ್ತಿದ್ದಾರೆ. ಫ್ಲ್ಯಾಶ್ ಮಿಂಚುವ ಮೊದಲೇ ರೆಪ್ಪೆಗೆ ಸುದ್ದಿ ಮುಟ್ಟಿಬಿಡುತ್ತದೆ. ಬಿಸಿಲಿಗೆ ನಿಲ್ಲಿಸಿದರೆ ಕಣ್ಣು ಬರೀ ಗೀಟು.

ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ನಲವತ್ತು ವರ್ಷದಿಂದ ಅತ್ತೆ ಗಡಿಯಾರ ರಿಪೇರಿ ಮಾಡುತ್ತಿದ್ದಾರೆ. ರಿಪೇರಿಯವರ ಸಂಘ ಹಿರಿಯರ ಫೋಟೋಗಳನ್ನು ತನ್ನ ಕಚೇರಿಯ ಗೋಡೆಗೆ ಹಾಕಲು ಹೊರಟಿತ್ತು. ನಾಳೆ ಬೆಳಗ್ಗೆಯೊಳಗೆ ಹೊಸದು ಕೊಡದಿದ್ದರೆ ಹಳೆಯ ಗುಂಪು ಫೋಟೋದಿಂದಲೇ ಕತ್ತರಿಸಿ ಹಾಕುತ್ತೇವೆ ಎಂದು ಕಾರ್ಯದರ್ಶಿ ಹೇಳಿಕಳಿಸಿದ್ದರು.

"ಕಣ್ಣು ಮುಚ್ಚಿರೋದನ್ನ ಗೋಡೆಗೆ ಹಾಕಿದ್ರೆ ನೋಡಿದವರು ಏನಂತಾರೆ? ಪಾಪ, ಯಾವಾಗ ಹೋದ್ರು ಅಂತ ಕೇಳ್ತಾರೆ," ಎಂದರು ಅತ್ತೆ.

"ನಾನಿದ್ದೀನಲ್ಲ ಅಜ್ಜಿ," ಎಂದಳು ನನ್ನ ಮಗಳು. ಹದಿಮೂರರ ಅವಳನ್ನು ನಾವು ಮೆಣಸು ಎನ್ನುತ್ತೇವೆ. ಸೋದರಮಾವ ಕೊಟ್ಟ ಅಂಗೈಯಗಲದ ಕ್ಯಾಮೆರಾ ಇಪ್ಪತ್ತು ಮೆಗಾಪಿಕ್ಸೆಲಿನದು ಎಂದು ಬೀದಿಗೆಲ್ಲ ಡಂಗುರ ಸಾರಿದ್ದಳು.

ಅತ್ತೆಯದು ಒಂದೇ ಹಟ, ಕೂತರೆ ಕೆಲಸದ ಮೇಜಿನ ಮುಂದೆಯೇ. ಮೇಜಿನ ಪುಟ್ಟ ದೀಪದ ಬೆಳಕಿನಲ್ಲೇ ಮೆಣಸು ಫ್ಲ್ಯಾಶ್ ಆರಿಸಿ ತೆಗೆದಳು. ಅಜ್ಜಿಯ ಮುಖದ ತುಂಬ ರವೆ ಚೆಲ್ಲಿದಂತೆ ಬಣ್ಣದ ಚುಕ್ಕೆಗಳು.

ನಾನು ಪಲ್ಯದ ಉರಿ ತಗ್ಗಿಸಿ ಬಂದು, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಸ್ಟುಡಿಯೋದವರಿಗೆ ಫೋನ್ ಮಾಡಿದೆ.

"ಮೆಗಾಪಿಕ್ಸೆಲ್ ಎಷ್ಟಿದ್ರೇನಮ್ಮ? ಒಳಗೆ ಬೆಳಕು ಹಿಡಿಯೋ ಸೆನ್ಸರ್ ಕಿರುಬೆರಳ ಉಗುರಿಗಿಂತ ಚಿಕ್ಕದು. ಸಿಕ್ಕ ಚೂರು ಬೆಳಕನ್ನ ಕ್ಯಾಮೆರಾ ಬಲವಂತವಾಗಿ ಎತ್ತತ್ತೆ, ಜೊತೆಗೆ ಚುಕ್ಕೆನೂ ಏಳತ್ತೆ. ನನ್ನ ಹತ್ರ ದೊಡ್ಡ ಸೆನ್ಸರಿನ ಕ್ಯಾಮೆರಾ ಇದೆ. ಆದ್ರೆ ಅದು ಮದುವೆಗೆ ಹೋಗಿದೆ, ನಾಳಿದ್ದು ಬರತ್ತೆ."

ಮೆಣಸಿನ ಮುಖ ಬಾಡಿತು. ಅತ್ತೆ ಪುಟ್ಟ ಲೇಡೀಸ್ ವಾಚೊಂದನ್ನು ಅವಳ ಕೈಗಿಟ್ಟರು.

"ಇದ್ರಲ್ಲೂ ಹನ್ನೆರಡು ಅಂಕಿ, ಆ ಗೋಡೆ ಗಡಿಯಾರದಲ್ಲೂ ಹನ್ನೆರಡು. ಮಬ್ಬಲ್ಲಿ ಯಾವುದು ಕಾಣತ್ತೆ?"

"ದೊಡ್ಡದು."

"ಹಾಗಂತ ಚಿಕ್ಕದನ್ನ ಎಸೀತೀನಾ? ಇನ್ನೊಂದಿಷ್ಟು ಹೊತ್ತು ನೋಡ್ತೀನಿ. ಕಾಣದೆ ಎಲ್ಲಿಗೆ ಹೋಗತ್ತೆ?"

ಮೆಣಸು ಕ್ಯಾಮೆರಾದ ಮೆನುವಿನಲ್ಲಿ ಬಹಳ ಹೊತ್ತು ತಡಕಾಡಿದಳು. "ಅಮ್ಮ, ಕ್ಯಾಮೆರಾ ಕಣ್ಣನ್ನ ಒಂದು ಸೆಕೆಂಡ್ ಪೂರ್ತಿ ತೆರೆದಿಡಬಹುದು. ಆದ್ರೆ ಯಾರೂ ಅಲ್ಲಾಡಬಾರದು."

ಹಿಟ್ಟಿನ ಡಬ್ಬಿ ತಂದು ಕ್ಯಾಮೆರಾಕ್ಕೆ ಪೀಠ ಮಾಡಿದೆ. ಬೆರಳಿನ ನಡುಕವೂ ತಾಗದಿರಲೆಂದು ಅವಳು ಟೈಮರ್ ಇಟ್ಟಳು. ಮೊದಲ ಸಲ ಅತ್ತೆ "ಆಯ್ತಾ?" ಎಂದದ್ದಕ್ಕೆ ಮೂರು ತುಟಿ ಬಂತು. ಎರಡನೆಯ ಸಲ ರೆಪ್ಪೆ ಬಡಿದರು. ಚುಕ್ಕೆ ಮಾತ್ರ ಮಾಯವಾಗಿತ್ತು.

"ನನ್ನ ಹಣೆಬರಹ ಕಣೇ, ಬಿಡು," ಎಂದರು ಅತ್ತೆ. ಧ್ವನಿ ಸಣ್ಣಗಾಗಿತ್ತು.

ಆಗ ನನಗೆ ನೆನಪಾಯಿತು. ರಿಪೇರಿಯಾದ ಗಡಿಯಾರವನ್ನು ಅತ್ತೆ ಹಾಗೇ ಕೊಟ್ಟವರಲ್ಲ. ಉಸಿರು ಬಿಗಿಹಿಡಿದು, ರೆಪ್ಪೆ ಮಿಟುಕಿಸದೆ, ಸೆಕೆಂಡಿನ ಮುಳ್ಳು ಸುತ್ತುವುದನ್ನು ನೋಡಿಯೇ ಕೊಡುವುದು. ನಾನು ಅಡುಗೆಮನೆಯ ಗಡಿಯಾರವನ್ನು ಕಿತ್ತು ತಂದು ಕ್ಯಾಮೆರಾದ ಹಿಂದೆ ಎತ್ತಿ ಹಿಡಿದೆ. ಮೆಣಸು ಮತ್ತೆ ಟೈಮರ್ ಒತ್ತಿದಳು.

"ಅತ್ತೆ, ಇದು ಸರಿಯಾಗಿ ನಡೀತಿದ್ಯಾ, ಸ್ವಲ್ಪ ನೋಡಿ."

ಅವರು ಭೂತಗನ್ನಡಿಯನ್ನು ಹಣೆಗೇರಿಸಿ ಮುಳ್ಳನ್ನು ದಿಟ್ಟಿಸಿದರು. ಕೋಣೆಯೇ ಉಸಿರು ಬಿಗಿಹಿಡಿಯಿತು. ಕ್ಯಾಮೆರಾ ಮೆಲ್ಲಗೆ ಕ್ಲಿಕ್ ಎಂದಿತು.

"ಆರರ ಹತ್ರ ಮುಳ್ಳು ತೊಡರ್ತಿದೆ," ಎಂದರು ಅತ್ತೆ. "ಯಾವ ದಡ್ಡ ರಿಪೇರಿ ಮಾಡಿದ್ದು ಇದನ್ನ?"

"ನೀವೇ ಅತ್ತೆ, ಹೋದ ತಿಂಗಳು."

ಮೆಣಸು ನಗು ತಡೆಯಲಾರದೆ ಕ್ಯಾಮೆರಾ ತಿರುಗಿಸಿ ತೋರಿಸಿದಳು. ಅಜ್ಜಿಯ ಎರಡೂ ಕಣ್ಣು ಅಗಲವಾಗಿ ತೆರೆದಿದ್ದವು, ಒಂದು ಹುಬ್ಬು ಮೇಲೇರಿತ್ತು. ಅತ್ತೆ ಅದನ್ನು ಬಹಳ ಹೊತ್ತು ನೋಡಿದರು.

"ಸ್ವಲ್ಪ ಸಿಡುಕಿ ಥರ ಕಾಣ್ತೀನಲ್ಲೇ?"

"ಅದಕ್ಕೇ ಎಲ್ಲರಿಗೂ ಗುರುತು ಸಿಗತ್ತೆ ಬಿಡಜ್ಜಿ."

ಮೊಮ್ಮಗಳ ಬೆನ್ನಿಗೆ ಒಂದು ಹುಸಿ ಏಟು ಬಿತ್ತು. ನಾನು ಪಲ್ಯ ತಿರುವಿ ಬರುವಷ್ಟರಲ್ಲಿ ಅಡುಗೆಮನೆಯ ಗಡಿಯಾರ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.