ಮೂರು ವಾರದ ಚೀಲ

ಆ ಬೀದಿಯ ನಾಲ್ಕು ಮನೆಗಳಲ್ಲಿ ಗಂಡ ಗಡಿಯಾಚೆ, ಹೆಂಡತಿ ಗಡಿಯೀಚೆ. ಕಾಯಂ ವಾಸದ ಅರ್ಜಿ ಹಾಕಿ ಕಾಯುವುದು ಆ ಮನೆಗಳ ಹೆಂಗಸರಿಗೆ ಒಲೆ ಹಚ್ಚಿದಷ್ಟೇ ರೂಢಿಯಾಗಿಬಿಟ್ಟಿತ್ತು. ಬೆಳಿಗ್ಗೆ ಎದ್ದ ಕೂಡಲೇ ಫೋನು ನೋಡುವುದು, ‘ಪರಿಶೀಲನೆಯಲ್ಲಿದೆ’ ಎಂಬ ಅದೇ ಹಳೆಯ ಮಾತು ಓದುವುದು, ನಿಟ್ಟುಸಿರು ಬಿಟ್ಟು ಪಾತ್ರೆ ತೊಳೆಯಲು ಹೋಗುವುದು.

ಅವರಲ್ಲಿ ಚಿಕ್ಕವಳು ಮೆಲ್ಲಮ್ಮ. ಅದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವಳ ಮಾತು ಮೆಲ್ಲಗೆ, ನಡೆ ಮೆಲ್ಲಗೆ. ಮೂಲೆಯ ಹೊಲಿಗೆ ಅಂಗಡಿಯಲ್ಲಿ ಅವಳ ಯಂತ್ರ ಮಾತ್ರ ಬೀದಿಯ ತುದಿಗೂ ಕೇಳುವಂತೆ ಸದ್ದು ಮಾಡುತ್ತಿತ್ತು. ಮದುವೆಯಾಗಿ ಒಂದೂವರೆ ವರ್ಷ. ಗಂಡ ಗಡಿಯಾಚೆಯ ಪಟ್ಟಣದಲ್ಲಿ ಬಡಗಿ. ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಬೆರಳೆಣಿಕೆಯ ವಾರಗಳು. ಒಂದು ದಿನ ಅಂಗಿಯ ಗುಂಡಿಗೆ ಕಾಜಾ ಹಾಕುತ್ತ ಕೂತಿದ್ದವಳಿಗೆ, ಅವನ ಮಚ್ಚೆ ಎಡಗೆನ್ನೆಯ ಮೇಲೋ ಬಲಗೆನ್ನೆಯ ಮೇಲೋ ಎಂಬುದು ನೆನಪಾಗಲಿಲ್ಲ. ಫೋನು ತೆಗೆದು ಫೋಟೋ ನೋಡಬೇಕಾಯಿತು. ಆಗಲೇ ಅವಳು ಹೋಗಿ ನೋಡಿಕೊಂಡು ಬರಬೇಕು ಎಂದು ನಿಶ್ಚಯಿಸಿದ್ದು.

ಭೇಟಿಯ ವೀಸಾ ಸಿಕ್ಕಿತು. ಅಂಗಡಿಯ ಯಜಮಾನಿ ಮೂರು ವಾರ ರಜೆ ಕೊಟ್ಟಳು. ಬಸ್ಸಿನ ಟಿಕೇಟೂ ಆಯಿತು. ಆದರೆ ವೀಸಾ ಸಿಕ್ಕಿದ ಮಾತ್ರಕ್ಕೆ ಗಡಿ ದಾಟಿದಂತಲ್ಲ. ಒಳಗೆ ಬಿಡುವುದು, ಬಿಡದಿರುವುದು ಗಡಿ ಠಾಣೆಯ ಅಧಿಕಾರಿಯ ಕೈಯಲ್ಲಿ. ಅಲ್ಲಿಂದ ವಾಪಸು ಕಳಿಸಿದರೆ ಗಂಡನ ಮುಖ ನೋಡಲಾಗದ ಸಂಕಟ ಒಂದು ಕಡೆ. ಅದೇ ನೆಪವಾಗಿ ಕಾಯಂ ಅರ್ಜಿಗೇ ಕಲ್ಲು ಬಿದ್ದರೆ? ಈ ಯೋಚನೆಯಲ್ಲಿ ಅವಳು ಒಂದೇ ಕಾಜಾವನ್ನು ಎರಡೆರಡು ಸಲ ಬಿಚ್ಚಿ ಹಾಕುತ್ತಿದ್ದಳು.

ಎದುರುಮನೆಯ ಲಾರಿ ಮಾವ ಕೇಳದೆಯೇ ಉಪಾಯ ಹೇಳಿದ. ಲಾರಿ ಓಡಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಹೆಸರು ಮಾತ್ರ ಬಿಟ್ಟಿರಲಿಲ್ಲ.

“ಗಂಡನ ಸುದ್ದೀನೇ ಎತ್ತಬೇಡ ಕಣಮ್ಮ. ಯಾಕೆ ಬಂದೆ ಅಂದ್ರೆ, ಊರು ನೋಡೋಕೆ ಅನ್ನು. ಕಾಯಂ ಅರ್ಜಿ ಹಾಕಿದ್ದೀಯಾ ಅಂದ್ರೆ, ಹಾಗಂದ್ರೇನು ಸ್ವಾಮಿ ಅನ್ನು. ಗಂಡ ಅಲ್ಲಿದ್ದಾನೆ ಅಂತ ಗೊತ್ತಾದ್ರೆ, ಇವಳು ಒಳಗೆ ಬಂದ್ಮೇಲೆ ಹೊರಗೆ ಹೋಗೋಳಲ್ಲ ಅಂತ ಗೇಟಲ್ಲೇ ತಿರುಗಿಸ್ತಾರೆ.”

ಮೆಲ್ಲಮ್ಮ ತಲೆಯಾಡಿಸಿದಳು. ಹಿರಿಯರು ಏನೇ ಹೇಳಲಿ, ತಲೆಯಾಡಿಸುವುದು ಅವಳ ಅಭ್ಯಾಸ.

ಹೊರಡಲು ಎರಡು ದಿನ ಇರುವಾಗ ಅತ್ತೆ ನಡುಮನೆಯಲ್ಲಿ ದೊಡ್ಡ ಚೀಲ ಬಿಚ್ಚಿಟ್ಟುಕೊಂಡು ಕೂತರು. ಒಂದರೊಳಗೊಂದು ಕೂರುವ ಐದು ಪಾತ್ರೆ, ಕುಕ್ಕರು, ಎರಡು ದಿಂಬು, ಚಳಿಗಾಲದ ರಗ್ಗು, ಗೋಡೆ ಗಡಿಯಾರ, ಮದುವೆಯ ಆಲ್ಬಮ್ಮು. ಒಂದೊಂದನ್ನೂ ಮೊಣಕೈಯಿಂದ ಒತ್ತಿ ತುಂಬಿದರು.

“ಇಷ್ಟೆಲ್ಲ ಯಾಕತ್ತೆ?” ಎಂದಳು ಮೆಲ್ಲಮ್ಮ.

“ಹೇಗೂ ಒಂದು ದಿನ ಅಲ್ಲಿಗೇ ಹೋಗೋಳು ತಾನೇ? ಈಗಲೇ ಪಾತ್ರೆ ಪಡಗ ಸಾಗಿಸಿಬಿಟ್ರೆ, ಕಾಯಂ ಆದಾಗ ಕೈಬೀಸ್ಕೊಂಡು ಹೋಗಬಹುದು. ಒಂದೇ ಹೊರೆನ ಎರಡು ಸಲ ಯಾರು ಹೊರ್ತಾರೆ?”

ಅದೂ ಸರಿಯೇ ಅನ್ನಿಸಿತು. ಅವಳು ಒಳಗೆ ಹೋಗಿ ತನ್ನ ಕತ್ತರಿ, ಅಳತೆಯ ಟೇಪು, ಬಣ್ಣಬಣ್ಣದ ನೂಲಿನ ಡಬ್ಬಿ ತಂದು ಚೀಲದ ಬದಿಗೆ ಸಿಕ್ಕಿಸಿದಳು. ಗಂಡ ಕೆಲಸ ಮಾಡುವ ಮರಗೆಲಸದ ಕಾರ್ಖಾನೆಯ ಯಜಮಾನನ ಹೆಂಡತಿ ಕಿಟಕಿ ಪರದೆಗಳನ್ನು ಹೊಲಿಸಬೇಕೆಂದು ಮೊದಲೇ ಹೇಳಿಕಳಿಸಿದ್ದಳು.

ಅಷ್ಟರಲ್ಲಿ ಔಷಧಿ ಅಂಗಡಿಯ ಅಕ್ಕ ಅತ್ತೆಯ ಮಂಡಿನೋವಿನ ಮಾತ್ರೆ ಕೊಡಲು ಬಂದಳು. ಗಡಿಯಾಚೆ ಗಂಡನಿರುವ ನಾಲ್ವರಲ್ಲಿ ಅವಳೂ ಒಬ್ಬಳು. ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದವಳು, ಎಲ್ಲರಿಗಿಂತ ಹೆಚ್ಚು ಸಲ ಹೋಗಿಬಂದವಳು. ಅವಳು ಚೀಲದ ಹಿಡಿ ಹಿಡಿದು ಎತ್ತಲು ನೋಡಿದಳು. ಚೀಲ ಅಲುಗಲಿಲ್ಲ.

“ಅಮ್ಮಾ, ಸೊಸೆ ಹೋಗ್ತಿರೋದು ಮೂರು ವಾರಕ್ಕೋ, ಇಲ್ಲ ಮನೆ ಖಾಲಿ ಮಾಡ್ತಿದ್ದೀರೋ?”

ಅತ್ತೆ ತಮ್ಮ ಲೆಕ್ಕ ಹೇಳಿದರು. ಜಗುಲಿಯ ಮೇಲಿದ್ದ ಲಾರಿ ಮಾವನೂ ಒಳಗೆ ಬಂದು ತನ್ನ ಉಪಾಯವನ್ನು ಇನ್ನೊಮ್ಮೆ ಒದರಿದ. ಅಕ್ಕ ಇಬ್ಬರ ಮಾತನ್ನೂ ಪೂರ್ತಿ ಕೇಳಿ ಚೀಲದ ಮುಂದೆ ಕೂತಳು.

“ನಿಮಗೆ ಇದು ಉಳಿತಾಯ ಅಮ್ಮಾ. ಆದ್ರೆ ಗಡಿಯಲ್ಲಿ ಚೀಲ ಬಿಚ್ಚೋರಿಗೆ ಅದು ಹೇಗೆ ಗೊತ್ತಾಗ್ಬೇಕು? ಇವಳ ಬಾಯಿ ಮೂರು ವಾರ ಅನ್ನುತ್ತೆ, ಚೀಲ ಜೀವಮಾನ ಪೂರ್ತಿ ಅನ್ನುತ್ತೆ. ಅವರು ಯಾವುದನ್ನ ನಂಬ್ತಾರೆ?”

ಅತ್ತೆಯ ಕೈ ಕುಕ್ಕರಿನ ಮೇಲೆ ನಿಂತಿತು.

“ಅದಕ್ಕೇ ನಾನು ಹೇಳಿದ್ದು, ಗಂಡನ ಸುದ್ದಿ ಮುಚ್ಚಿಡು ಅಂತ,” ಎಂದ ಲಾರಿ ಮಾವ.

“ಮಾವ, ನೀವು ಎಷ್ಟು ಸಲ ಗಡಿ ದಾಟಿದ್ದೀರಿ?”

“ದಾಟಿಲ್ಲ. ಆದ್ರೆ ಠಾಣೆ ಪಕ್ಕದ ಗೋದಾಮಿನ ತನಕ ಹೋಗಿದ್ದೀನಿ.”

“ಗೋದಾಮಿನಲ್ಲಿ ಮೂಟೆಗಳನ್ನ ಪ್ರಶ್ನೆ ಕೇಳಲ್ಲ ಮಾವ,” ಎಂದಳು ಅಕ್ಕ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಅಕ್ಕ ಮಾತ್ರ ನಗಲಿಲ್ಲ. “ನಾನು ನಿಮ್ಮ ಉಪಾಯ ಮಾಡಿ ನೋಡಿದೋಳು. ಮೊದಲನೇ ಸಲ ಹೋದಾಗ, ಗೆಳತಿ ಮನೆಗೆ ಬಂದೆ ಅಂದೆ. ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ್ರು. ಅಲ್ಲಿ ನನ್ನದೇ ಕಾಯಂ ಅರ್ಜಿ, ಮದುವೆ ಫೋಟೋ ಸಮೇತ. ನೆಲ ಬಿರಿದು ನನ್ನ ನುಂಗಬಾರದಾ ಅನ್ನಿಸ್ತು. ಅವತ್ತೇ ಬಂದ ದಾರಿ ಹಿಡಿದೆ. ನನ್ನ ಅರ್ಜಿ ಇಷ್ಟು ತಡ ಆಗಿರೋದು ಯಾಕೆ ಅಂದ್ಕೊಂಡ್ರಿ? ಆ ಒಂದು ಸುಳ್ಳಿಗೆ ವಿವರಣೆ ಬರೆದೂ ಬರೆದೂ ಸಾಕಾಯ್ತು.”

ಈ ವಿಷಯ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಹಾಗಾದ್ರೆ ಅರ್ಜಿ ಹಾಕಿದೋರು ಹೋಗಲೇಬಾರದಾ ಅಕ್ಕ?” ಮೆಲ್ಲಮ್ಮನ ಕಣ್ಣು ತುಂಬಿತ್ತು.

“ಯಾರು ಹಾಗಂದ್ರು? ಅರ್ಜಿ ಹಾಕೋದು ತಪ್ಪಲ್ಲ, ನೋಡೋಕೆ ಹೋಗೋದೂ ತಪ್ಪಲ್ಲ. ನಾವು ಹೋಗೋ ಆ ದೇಶದಲ್ಲಿ ಎರಡಕ್ಕೂ ಅವಕಾಶ ಇದೆ, ನಾನು ಅವರ ವೀಸಾ ಕಚೇರಿಗೇ ಫೋನ್ ಮಾಡಿ ಕೇಳಿದ್ದೀನಿ. ಬೇರೆ ದೇಶದಲ್ಲಿ ಬೇರೆ ಥರ ಇರಬಹುದು, ಅದನ್ನ ಅಲ್ಲಲ್ಲೇ ಕೇಳ್ಬೇಕು. ಕಾಯಂ ಆಗೋ ತನಕ ನೀನು ಅಲ್ಲಿ ನೆಂಟಳು, ಅಷ್ಟೇ. ನೆಂಟರು ಹೇಳಿದ ದಿನಕ್ಕೆ ವಾಪಸ್ ಹೊರಡ್ತಾರೆ ಅನ್ನೋ ನಂಬಿಕೆ ಅವರಿಗೆ ಬರಬೇಕು.”

ಅಕ್ಕನೇ ಪಾತ್ರೆ, ದಿಂಬು, ರಗ್ಗು, ಗಡಿಯಾರ, ಆಲ್ಬಮ್ಮು ಎಲ್ಲವನ್ನೂ ಹೊರಗೆ ತೆಗೆದಳು. ಕತ್ತರಿ, ಟೇಪುಗಳನ್ನು ಎತ್ತಿ ಮೆಲ್ಲಮ್ಮನ ಮಡಿಲಿಗೆ ಹಾಕಿದಳು. “ಇದು ಯಾಕೆ? ಭೇಟಿ ವೀಸಾದಲ್ಲಿ ಹೋಗಿ ಹೊಲಿಗೆ ಮಾಡಿದ್ರೆ ಅದು ಅನುಮತಿ ಇಲ್ಲದ ಕೆಲಸ. ಯಾರ ಮನೆ ಪರದೆಗೋ ನಿನ್ನ ಅರ್ಜಿ ಹರಿದುಹೋಗೋದು ಬೇಡ.”

ಪಾತ್ರೆಗಳ ಜಾಗದಲ್ಲಿ ಒಂದು ತೆಳ್ಳನೆಯ ಫೈಲು ಬಂತು. ವಾಪಸು ಬರುವ ಟಿಕೇಟು, ರಜೆ ಮುಗಿದ ಮೇಲೆ ಕೆಲಸಕ್ಕೆ ಬರಬೇಕೆಂದು ಅಂಗಡಿಯ ಯಜಮಾನಿ ಬರೆದುಕೊಟ್ಟ ಪತ್ರ, ಕಾಯಂ ಅರ್ಜಿಯ ರಸೀದಿ, ಮದುವೆಯ ದಾಖಲೆ, ಗಂಡನ ವಿಳಾಸ ಮತ್ತು ಫೋನ್ ನಂಬರು. ಎಲ್ಲದರ ಒಂದೊಂದು ನಕಲು ಅತ್ತೆಯ ಬೀರುವಿನಲ್ಲೂ ಉಳಿಯಿತು.

ಗಡಿ ಠಾಣೆಯಲ್ಲಿ ಎಲ್ಲರನ್ನೂ ಬಸ್ಸಿನಿಂದ ಇಳಿಸಿದರು. ಉದ್ದನೆಯ ಹಾಲು, ನೆಲದ ಮೇಲೆ ಹಳದಿ ಗೆರೆ, ಗಾಜಿನ ಹಿಂದೆ ಕನ್ನಡಕ ಹಾಕಿದ ಅಧಿಕಾರಿಣಿ. ಮೆಲ್ಲಮ್ಮನ ಸರದಿ ಬಂತು.

“ಯಾಕೆ ಬಂದಿದ್ದೀರಿ?”

ಊರು ನೋಡೋಕೆ. ಲಾರಿ ಮಾವನ ಮಾತು ನಾಲಿಗೆಯ ತುದಿಗೇ ಬಂದುಬಿಟ್ಟಿತು. ಸುಳ್ಳು ಎಷ್ಟು ಚಿಕ್ಕದು, ಎಷ್ಟು ಸಲೀಸು! ಅವಳು ಫೈಲನ್ನು ಎದೆಗೊತ್ತಿಕೊಂಡಳು.

“ನನ್ನ ಗಂಡನನ್ನ ನೋಡೋಕೆ.”

“ಕೇಳಿಸಲಿಲ್ಲ, ಜೋರಾಗಿ ಹೇಳಿ.”

“ನನ್ನ ಗಂಡನನ್ನ ನೋಡೋಕೆ!” ಹಿಂದಿದ್ದ ಸಾಲಿಗೆಲ್ಲ ಕೇಳಿಸಿತು. ಯಾರೋ ಕಿಸಕ್ಕೆಂದರು. ಮೆಲ್ಲಮ್ಮನ ಕಿವಿ ಕೆಂಪಾಯಿತು. “ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದೀನಿ. ಅದಿನ್ನೂ ಆಗಿಲ್ಲ. ಈಗ ಬಂದಿರೋದು ಮೂರು ವಾರಕ್ಕೆ ಮಾತ್ರ.”

ಅಧಿಕಾರಿಣಿ ಕನ್ನಡಕದ ಮೇಲಿಂದ ನೋಡಿದರು. “ಗಂಡ ಇಲ್ಲೇ ಇದ್ದಾರೆ. ಆಮೇಲೆ ವಾಪಸ್ ಹೋಗ್ತೀರಿ ಅಂತ ನಾನು ಹೇಗೆ ನಂಬಲಿ?”

ಅವಳು ಫೈಲು ಬಿಚ್ಚಿ ಟಿಕೇಟು, ಪತ್ರ ಮುಂದಿಟ್ಟಳು. “ಶಾಲೆ ಶುರುವಾಗೋ ಕಾಲ ಮೇಡಂ. ಅಂಗಡೀಲಿ ಮಕ್ಕಳ ಯೂನಿಫಾರಂ ರಾಶಿ ಬಿದ್ದಿದೆ. ಕಾಜಾ ಹಾಕೋಳು ನಾನೊಬ್ಬಳೇ.”

“ಕಾಯಂ ವಾಸ ಸಿಗದೇ ಹೋದ್ರೆ?”

“ಬೇಜಾರಾಗುತ್ತೆ,” ಎಂದಳು ಮೆಲ್ಲಮ್ಮ. ಒಂದು ಕ್ಷಣ ಬಿಟ್ಟು, “ಆದ್ರೂ ಕದ್ದು ಉಳಿಯಲ್ಲ,” ಎಂದಳು.

ಅವಳನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಯಾರೋ ಅವಳ ಗಂಡನಿಗೆ ಫೋನು ಮಾಡಿದರು, ಯಾರೋ ಚೀಲ ಬಿಚ್ಚಿದರು. ನಾಲ್ಕು ಜೊತೆ ಬಟ್ಟೆ, ಒಂದು ಟವೆಲ್ಲು, ಗಂಡನಿಗೆಂದು ಹೊಲಿದ ಒಂದು ಅಂಗಿ. ಹೊರಗೆ ಬಸ್ಸಿನ ಡ್ರೈವರು ಹಾರ್ನು ಹೊಡೆಯುತ್ತಿದ್ದ. ಅರ್ಧ ಗಂಟೆ ಅವಳಿಗೆ ಅರ್ಧ ದಿನವಾಯಿತು. ಕೊನೆಗೆ ಪಾಸ್‌ಪೋರ್ಟಿನ ಮೇಲೆ ಠಪ್ಪೆಂದು ಠಸ್ಸೆ ಬಿತ್ತು.

“ಈ ತಾರೀಕಿನೊಳಗೆ ಹೊರಡಬೇಕು,” ಎಂದರು ಅಧಿಕಾರಿಣಿ. “ಹೋಗಿ, ಬಸ್ಸು ಕಾಯ್ತಿದೆ.”

ಮೆಲ್ಲಮ್ಮ ಆ ತಾರೀಕನ್ನು ಎರಡು ಸಲ ಓದಿಕೊಂಡೇ ಹೊರಗೆ ಬಂದಳು.

ಗಂಡನ ಮನೆಯೆಂದರೆ ಒಂದೇ ಕೋಣೆ. ಅವನು ಕಾರ್ಖಾನೆಯಲ್ಲಿ ಉಳಿದ ಹಲಗೆಗಳಿಂದ ಇಬ್ಬರು ಕೂರುವ ಮೇಜು ಮಾಡಿಟ್ಟಿದ್ದ. ಒಂದು ಕಾಲು ಗಿಡ್ಡವಾಗಿತ್ತು. “ಬಡಗಿ ಮನೆ ಮೇಜೇ ಕುಂಟು!” ಎಂದು ಮೆಲ್ಲಮ್ಮ ಜೋರಾಗಿ ನಕ್ಕಳು. ಅವಳಿಗೆ ಅಷ್ಟು ಜೋರಾಗಿ ನಗಲು ಬರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಎರಡನೇ ವಾರ ಯಜಮಾನನ ಹೆಂಡತಿ ಪರದೆಯ ಬಟ್ಟೆ ಹೊತ್ತು ಬಂದಳು. “ಎರಡು ಪರದೆ ತಾನೇ, ಹೊಲಿದುಕೊಡು,” ಎಂದು ಗಂಡನೂ ಕಣ್ಣಲ್ಲೇ ಸನ್ನೆ ಮಾಡಿದ. ಯಜಮಾನನಿಗೆ ಬೇಸರವಾದೀತೆಂಬ ಹೆದರಿಕೆ ಅವನದು.

“ತಪ್ಪು ತಿಳ್ಕೋಬೇಡಿ. ನನಗೆ ಇಲ್ಲಿ ಇನ್ನೂ ಕೆಲಸ ಮಾಡೋ ಅನುಮತಿ ಇಲ್ಲ,” ಎಂದಳು ಮೆಲ್ಲಮ್ಮ. ಜೀವನದಲ್ಲಿ ಹಿರಿಯರೊಬ್ಬರಿಗೆ ಅವಳು ಇಲ್ಲ ಎಂದದ್ದು ಅದೇ ಮೊದಲು. ಆಕೆ ಬಟ್ಟೆ ಮಡಚಿಕೊಂಡಳು. “ಅಯ್ಯೋ, ನನಗೆ ಗೊತ್ತಿರಲಿಲ್ಲ ಕಣಮ್ಮ,” ಎಂದು ಕೂತು ಟೀ ಕುಡಿದು ಹೋದಳು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ.

ಠಸ್ಸೆಯ ತಾರೀಕಿಗೆ ಎರಡು ದಿನ ಇರುವಾಗಲೇ ಮೆಲ್ಲಮ್ಮ ವಾಪಸು ಹೊರಟಳು. ಬಸ್ ನಿಲ್ದಾಣದಲ್ಲಿ ಅತ್ತಳು, ನಿಜ. ಆದರೆ ಕದ್ದು ಉಳಿದವರ ಎದೆಯಲ್ಲಿ ಇರುವ ಢವಢವ ಅವಳಿಗಿರಲಿಲ್ಲ. ಬೆಳಿಗ್ಗೆ ಬಂದಿಳಿದವಳು ಮಧ್ಯಾಹ್ನಕ್ಕೆ ಕಾಜಾ ಹಾಕಲು ಕೂತಾಗಿತ್ತು.

ಅತ್ತೆ ಎಲ್ಲವನ್ನೂ ಕೇಳಿದರು, ಬಿಡಿಸಿ ಬಿಡಿಸಿ ಕೇಳಿದರು. “ಹಾಗಾದ್ರೆ ಮತ್ತೆ ಹೋಗಬಹುದಾ?”

“ಈ ಸಲದ ಹಾಗೇ ಸರಿಯಾಗಿ ಹೋಗಿ ಬಂದ್ರೆ, ಮುಂದಿನ ಸಲ ಕೇಳೋಕೆ ನಮಗೂ ಬಾಯಿ ಇರುತ್ತೆ ಅತ್ತೆ.”

“ಹಾಗಿದ್ರೆ ಹೊರೆ ಎರಡು ಸಲ ಹೊತ್ತರೂ ಚಿಂತೆಯಿಲ್ಲ ಬಿಡು,” ಎಂದು ಅತ್ತೆ ಪಾತ್ರೆಗಳನ್ನು ಅಟ್ಟಕ್ಕೆ ಏರಿಸಿದರು.

ಕಾಯಂ ಅರ್ಜಿ ಇನ್ನೂ ಪರಿಶೀಲನೆಯಲ್ಲೇ ಇದೆ. ಆದರೆ ಆ ಬೀದಿಯ ಹೆಂಗಸರು ಈಗ ಸುಮ್ಮನೆ ಕೂತು ಕಾಯುವುದಿಲ್ಲ. ಮೊನ್ನೆ ಕೊನೆಯ ಮನೆಯ ಸೊಸೆ ಹೊರಟಾಗ, ಲಾರಿ ಮಾವ ಜಗುಲಿಯ ಮೇಲೆ ಕೂತು, “ನಿಜ ಹೇಳ್ಬೇಕು ಕಣಮ್ಮ! ವಾಪಸ್ ಟಿಕೇಟು ಇಟ್ಕೊಂಡ್ಯಾ? ಮೊದಲಿಂದ್ಲೂ ನಾನು ಹೇಳೋದು ಇದನ್ನೇ,” ಎನ್ನುತ್ತಿದ್ದ. ಔಷಧಿ ಅಂಗಡಿಯ ಅಕ್ಕ ಕೇಳಿಸಿಕೊಂಡೂ ಸುಮ್ಮನಿದ್ದಳು. ಒಳ್ಳೆಯ ಮಾತು ಯಾರ ಬಾಯಲ್ಲಿ ಬಂದರೇನು?

ಗಡಿಯ ಈಚೆ ಕಾಯುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಕಾಯುವ ದಿನಗಳೂ ನಿಮ್ಮ ಸಂಸಾರದ ದಿನಗಳೇ. ಹೆದರಿ ಅವನ್ನು ಕಳೆದುಕೊಳ್ಳಬೇಡಿ, ಸುಳ್ಳು ಹೇಳಿ ಕೆಡಿಸಿಕೊಳ್ಳಲೂ ಬೇಡಿ. ನೀವು ಹೋಗುವ ದೇಶದ ನಿಯಮವೇನೆಂದು ಆ ದೇಶದ ಕಚೇರಿಯನ್ನೇ ಕೇಳಿ, ಜಗುಲಿಯ ಮಾತನ್ನಲ್ಲ. ಅರ್ಜಿ ಹಾಕಿದ್ದನ್ನು ಮುಚ್ಚಿಡಬೇಡಿ. ಮರಳಿ ಬರುತ್ತೇವೆಂದು ತೋರಿಸುವ ಕಾಗದಗಳು ಕೈಗೆ ಸಿಗುವಂತಿರಲಿ. ಭೇಟಿಗೆ ಹೋದಾಗ ಕೆಲಸಕ್ಕೆ ಕೈ ಹಾಕಬೇಡಿ, ಕೊಟ್ಟ ತಾರೀಕು ಮೀರಬೇಡಿ. ಒಮ್ಮೆ ವಾಪಸು ಕಳಿಸಿದರೂ ಎದೆಗುಂದದೆ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆದು, ತಿಳಿದವರಿಗೆ ತೋರಿಸಿ.

ನಿಮ್ಮವರು ಆಚೆ ಕಾಯುತ್ತಿದ್ದಾರೆ. ಹೋಗಿ ಬನ್ನಿ.