ಸೆರಫೀನಾಳಿಗೆ ತುಳು ಬರುವುದಿಲ್ಲ

ದಾಟುವವರನ್ನು ಮಾತಾಡಿಸದೆ ಹೊಳೆಗಳು ಬಿಡದಿದ್ದ ಕಾಲವೊಂದಿತ್ತಂತೆ. ಆ ಕಾಲದಲ್ಲಿ ಒಂದು ಹೊಳೆ, ಹೊಳೆಯ ತಳದಲ್ಲಿ ಒಂದು ಜಿನ್ನ್, ಹೊಳೆಯ ಮೇಲೆ ಬೀಪಾತು ಎಂಬ ದೋಣಿಯವಳು. ನಡುನೀರಿಗೆ ಬಂದ ದೋಣಿಯನ್ನು ಜಿನ್ನ್ ಹಿಡಿದು ನಿಲ್ಲಿಸಿ, ಮೂರು ಭಾಷೆಯಲ್ಲಿ ಮೂರು ಪ್ರಶ್ನೆ ಕೇಳುತ್ತಿತ್ತು. ಉತ್ತರ ಬಾರದವರು ಮೀನಿನ ಪಾಲು. ಕತ್ತಿ ಹಿಡಿದ ಸರದಾರರು ಮುಳುಗಿದರು, ಮದ್ದಿನ ಚೀಲ ಹೊತ್ತ ಹಕೀಮರು ಮುಳುಗಿದರು. ಬೀಪಾತು ಮಾತ್ರ ಮುಳುಗಲಿಲ್ಲ. ಯಾಕೆಂದರೆ ಅವಳ ದೋಣಿಗೆ ಕೂಲಿ ದುಡ್ಡಲ್ಲ. ಹತ್ತಿದವರು ತಮ್ಮ ತಮ್ಮ ಭಾಷೆಯ ಒಂದೊಂದು ಮಾತು ಕೊಡಬೇಕು. ಆ ಮಾತುಗಳನ್ನು ಅವಳು ತಲೆವಸ್ತ್ರದ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಮದುವೆಯ ದಿಬ್ಬಣ ಬಂದು, ನಮ್ಮನ್ನು ಆಚೆ ದಡಕ್ಕೆ ದಾಟಿಸು ಎಂದಿತು. ದಾಟಿಸುತ್ತೇನೆ ಎಂದು ಬೀಪಾತು ಮಾತು ಕೊಟ್ಟಳು.

ಬೋಳಾರದ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಸಫಾಳ ಅಜ್ಜಿ ಹೇಳುತ್ತಿದ್ದ ಕಥೆ ಇದು. ಎರಡನೇ ಪ್ರಶ್ನೆ ಮುಗಿಯುವಷ್ಟರಲ್ಲಿ ಅಜ್ಜಿಗೆ ನಿದ್ದೆ ಬಂದಿರುತ್ತಿತ್ತು. ಇಪ್ಪತ್ತು ವರ್ಷ ಕೇಳಿದರೂ ಮೂರನೆಯದು ಏನೆಂದು ಸಫಾಳಿಗೆ ತಿಳಿಯಲಿಲ್ಲ. ಕಳೆದ ರಂಜಾನಿಗೆ ಮೊದಲು ಅಜ್ಜಿ ತೀರಿಕೊಂಡರು. ಕೊನೆಯ ವಾರ ಮೊಮ್ಮಗಳ ಕೈ ಹಿಡಿದು, "ದಿಬ್ಬಣ ಇನ್ನೂ ನೀರಲ್ಲೇ ಉಂಟಲ್ಲಾ ಮಗಳೇ" ಎಂದು ನಕ್ಕಿದ್ದರು.

"ನಾನು ದಾಟಿಸ್ತೇನೆ ಅಜ್ಜಿ" ಎಂದಿದ್ದಳು ಸಫಾ.

ಆ ಮಾತು ಉಳಿಸಿಕೊಳ್ಳಲು ಅವಳಿಗೆ ಸಿಕ್ಕಿದ್ದು ಕುಲಶೇಖರದಲ್ಲಿ ನೆವಿಲ್‌ನ ಮನೆಯ ಮಹಡಿ. ಅಲ್ಲಿ ಪ್ರತಿ ಆದಿತ್ಯವಾರ ಮೂರು ಗಂಟೆಗೆ ನಾಲ್ವರು ಗೆಳೆಯರು ಮೇಜಿನ ಸುತ್ತ ಕೂತು ಆಡುತ್ತಾರೆ. ನೆವಿಲ್ ಕಥೆ ನಡೆಸುತ್ತಾನೆ. ಉಳಿದ ಮೂವರು ಕಥೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. ಗೆದ್ದರೋ ಸತ್ತರೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪಾತ್ರದ ಬಲವೆಷ್ಟು, ವಿದ್ಯೆ ಏನು ಎಂಬುದೆಲ್ಲ ಒಂದು ಶೀಟಿನಲ್ಲಿ ಇರುತ್ತದೆ. ಇವತ್ತಿನಿಂದ ಶುರುವಾಗುವ ಹೊಸ ಕಥೆಗೆ ಹೊಳೆಯನ್ನೂ ದಿಬ್ಬಣವನ್ನೂ ಕೊಟ್ಟವಳು ಸಫಾಳೇ. ಮೂರು ವಾರ ಕೂತು ಪೆನ್ಸಿಲಿನಲ್ಲಿ ತನ್ನ ಶೀಟ್ ತುಂಬಿಸಿದ್ದಳು. ಹೆಸರು ಬೀಪಾತು. ಬಲ ಎಂಟು. ಭಾಷೆ ಆರು.

ಎಲ್ಲರ ಶೀಟುಗಳಿದ್ದ ನೆವಿಲ್‌ನ ಫೈಲು ತೆರೆದರೆ ನೀಲಿ ಶಾಯಿಯಲ್ಲಿ ಬೇರೆಯೇ ಏನೋ ಇತ್ತು. ಹೆಸರು ಸೆರಫೀನಾ. ಕೆಲಸ ಹೀಲರ್. ಭಾಷೆಯ ಚೌಕದಲ್ಲಿ ಉದ್ದಕ್ಕೆ ಒಂದು ಗೆರೆ.

"ಇದೆಂತ?"

"ನಾನು ಸ್ವಲ್ಪ ಸರಿ ಮಾಡಿದೆ ಮಾರಾಯ್ತಿ" ಎಂದ ಡೆರಿಲ್. ಬಲ್ಮಠದ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಕಲಿಸುವವನು. ಯಾರ ಹಾಳೆ ಕಂಡರೂ ತಿದ್ದದೆ ಅವನ ಕೈ ನಿಲ್ಲುವುದಿಲ್ಲ. "ಹೋದ ಸಲ ಮೂರನೇ ರೂಮಲ್ಲಿ ನಾವೆಲ್ಲ ಸತ್ತದ್ದು ಯಾಕೆ? ಹೀಲರ್ ಇಲ್ಲದೆ. ಈಗ ನಾನು ಎದುರು ನಿಂತು ಪೆಟ್ಟು ತಿನ್ನುವವ, ಶರೊನ್ ಹಿಂದಿನಿಂದ ಬಾಣ ಬಿಡುವವಳು, ನೀನು ಗಾಯ ಗುಣ ಮಾಡುವವಳು. ಇಂಥ ಜೋಡಣೆಗೆ, ಈ ಬಿಲ್ಡ್‌ಗೆ ಸೋಲೇ ಇಲ್ಲ."

"ನಿಜವಾದ ನರ್ಸ್ ಶರೊನ್ ಅಲ್ವಾ? ಅವಳನ್ನು ಮಾಡು."

"ನನ್ನ ಸುದ್ದಿಗೆ ಬರ್ಬೇಡಿ ಆಯ್ತಾ" ಎಂದು ಡೆರಿಲ್‌ನ ಚಿಕ್ಕಪ್ಪನ ಮಗಳು ಶರೊನ್ ಎರಡೂ ಕೈ ಎತ್ತಿದಳು. "ವಾರವಿಡೀ ಡ್ರಿಪ್ ಹಾಕಿ ಸಾಕಾಗಿದೆ. ಆದಿತ್ಯವಾರ ನಾನು ಕೊಲ್ಲುವವಳೇ."

"ನನ್ನ ಭಾಷೆಗಳೆಲ್ಲಿ ಡೆರಿಲ್?"

"ಭಾಷೆಯಿಂದ ಶತ್ರುವಿಗೆ ಒಂದು ಪಾಯಿಂಟಾದ್ರೂ ಡ್ಯಾಮೇಜ್ ಆಗ್ತದಾ? ಆಟದಲ್ಲಿ ಎಲ್ಲರಿಗೂ ಬರುವ ಭಾಷೆ ಒಂದು ಉಂಟಲ್ಲ, ಸಾಕು."

"ಹೆಸರು?"

"ಬೀಪಾತು ಅಂತ ಯಾರಾದ್ರೂ ಇಡ್ತಾರಾ? ಮೀನು ಮಾರ್ಲಿಕ್ಕೆ ಬಂದವಳ ಹಾಗೆ ಕೇಳ್ತದೆ."

ಸಫಾಳ ಕಿವಿಯ ತುದಿ ಬಿಸಿಯಾಯಿತು. ನೆವಿಲ್ ಕಡೆಗೆ ತಿರುಗಿದಳು. ಅವನು ದಾಳಗಳನ್ನು ಸಾಲಾಗಿ ಜೋಡಿಸುತ್ತಿದ್ದ, ಅದಕ್ಕಿಂತ ಮುಖ್ಯವಾದ ಕೆಲಸ ಲೋಕದಲ್ಲಿ ಇಲ್ಲವೆಂಬಂತೆ. "ಅವ ಒಮ್ಮೆ ನೋಡಿ ಕೊಡ್ತೇನೆ ಅಂದ, ಫೈಲ್ ಕೊಟ್ಟೆ. ಶುರು ಮಾಡುವಾ?"

ಎದ್ದು ಹೋಗಬೇಕೆನಿಸಿತು. ಹೋದರೆ ದೋಣಿ ಅವಳಿಲ್ಲದೆಯೇ ಹೊರಡುತ್ತದೆ, ದಿಬ್ಬಣದ ಸಮೇತ. ಅವುಡುಗಚ್ಚಿ ಕೂತಳು. ಆಯ್ತು, ನೀನು ಬರೆದದ್ದನ್ನೇ ಆಡುತ್ತೇನೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ದೋಣಿ ನಡುನೀರಿಗೆ ಬಂತು. ನೆವಿಲ್ ಗಂಟಲು ದಪ್ಪ ಮಾಡಿದ. "ಏರ್ ನಿಕುಲು?"

ಯಾರು ನೀವು ಎಂದು ಜಿನ್ನ್ ತುಳುವಿನಲ್ಲಿ ಕೇಳಿತ್ತು. ಡೆರಿಲ್ ಬಾಯಿ ತೆರೆದ. ನೆವಿಲ್ ಬೆರಳೆತ್ತಿದ. "ತುಳು ನಿನಗೆ ಬರ್ತದೆ. ನಿನ್ನ ಪಾತ್ರಕ್ಕೆ ಬರ್ತದಾ? ಶೀಟ್ ನೋಡು."

ಪ್ರಶ್ನೆ ನಾಲ್ವರಿಗೂ ಅರ್ಥವಾಗಿತ್ತು. ಕೆಳಗೆ ಗೇಟಿನೆದುರು ನಿಂತಿದ್ದ ರಿಕ್ಷಾದವನನ್ನು ಕರೆದು ಕೇಳಿದ್ದರೆ ಅವನೂ ಉತ್ತರ ಕೊಡುತ್ತಿದ್ದ. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಸಫಾಳ ಅಣ್ಣನ ಅಂಗಡಿಯಲ್ಲಿ ಅರೆಬರೆ ಬ್ಯಾರಿ. ಮಾತು ತಿಳಿಯದ ಜಾಗದಲ್ಲಿ ಡೆರಿಲ್ ಹುಟ್ಟಿದಂದಿನಿಂದ ನಿಂತವನೇ ಅಲ್ಲ. ಭಾಷೆ ಎಂದರೆ ಗಾಳಿಯ ಹಾಗೆ, ತನ್ನಷ್ಟಕ್ಕೆ ಇರುವಂಥದ್ದು ಎಂದುಕೊಂಡಿದ್ದ. ಮೂರು ಶೀಟಿನಲ್ಲೂ ಗೆರೆ ಎಳೆದುಬಿಟ್ಟಿದ್ದ.

"ಹಾಗಾದ್ರೆ ಹೊಡೀತೇನೆ!" ದಾಳ ಉರುಳಿತು. ಹತ್ತೊಂಬತ್ತು.

"ನೀರಿಗೆ ಒಳ್ಳೆ ಪೆಟ್ಟು ಬಿತ್ತು" ಎಂದ ನೆವಿಲ್. "ನೀರು ದೋಣಿಯೊಳಗೆ ಬಂತು."

ಶರೊನ್‌ಳ ಬಾಣ ಮೀನೊಂದಕ್ಕೆ ತಾಗಿತು. ಮದುಮಗಳ ಮೊಣಕಾಲವರೆಗೆ ನೀರು.

"ಸಫಾ, ಹೇಳು ಮಾರಾಯ್ತಿ! ಕಥೆ ನಿಂದೇ ಅಲ್ವಾ!" ಎಂದ ಡೆರಿಲ್.

"ನನಗೆ ಗೊತ್ತುಂಟು" ಎಂದಳು ಸಫಾ. "ಸೆರಫೀನಾಳಿಗೆ ತುಳು ಬರುದಿಲ್ಲ. ಬೇಕಾದ್ರೆ ನಿನ್ನ ಗಾಯಕ್ಕೆ ಮದ್ದು ಹಚ್ಚುತ್ತೇನೆ."

ಶರೊನ್ ಕಿಸಕ್ಕನೆ ನಕ್ಕಳು. ಆ ನಗು ಸಫಾಳಿಗೆ ಒಂದು ಗಳಿಗೆ ಸಿಹಿಯಾಗಿತ್ತು.

"ಮದುಮಗಳ ಸೊಂಟದವರೆಗೆ ನೀರು" ಎಂದ ನೆವಿಲ್. "ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಎತ್ತಿಕೊಂಡಿದ್ದಾರೆ."

ಸಿಹಿ ಅಲ್ಲೇ ಕಹಿಯಾಯಿತು. ಮುಳುಗುತ್ತಿರುವುದು ಡೆರಿಲ್‌ನ ಬಿಲ್ಡ್ ಅಲ್ಲ, ಅಜ್ಜಿಯ ದಿಬ್ಬಣ. ಸಫಾ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ನನ್ನ ಬೀಪಾತುವನ್ನು ವಾಪಸ್ ಬರೆ. ನೀನೇ ಬರೆ, ನಿನ್ನ ಕೈಯಲ್ಲೇ."

"ಆಟದ ನಡುವೆ ಶೀಟ್ ಬದಲಿಸ್ಲಿಕ್ಕಿಲ್ಲ, ಅದು ರೂಲ್..." ಎಂದು ನೆವಿಲ್ ಶುರು ಮಾಡಿದ.

"ಫೈಲ್ ಕೊಡುವಾಗ ರೂಲ್ ಮಲಗಿತ್ತಾ? ನನ್ನ ಹೆಸರಿನ ಕೆಳಗೆ ಇರುವ ಅಕ್ಷರ ನೋಡು, ನಂದಾ ಅದು? ನಾನು ಬರೆಯದ್ದು ನನ್ನ ಶೀಟೇ ಅಲ್ಲ. ಮೀನು ಮಾರುವವಳ ಹೆಸರಂತೆ! ಬೆಳಿಗ್ಗೆ ಬಂದರಿಗೆ ಹೋಗಿ ನಿಲ್ಲು ಡೆರಿಲ್. ಮೀನಿನವರು ನಾಲ್ಕು ಭಾಷೆಯಲ್ಲಿ ವ್ಯಾಪಾರ ಮಾಡಿ, ಐದನೆಯದ್ದರಲ್ಲಿ ನಿನಗೆ ಬೈತಾರೆ. ನಿನ್ನ ಸೆರಫೀನಾ ಅಲ್ಲಿ ಒಂದು ಬಂಗುಡೆ ಮೀನು ತರ್ಲಿಕ್ಕಿಲ್ಲ!"

ನೆವಿಲ್ ಹೊಸ ಶೀಟೊಂದನ್ನು ಮೇಜಿನ ಮೇಲೆ ಜಾರಿಸಿದ. "ಅವಳು ಹೇಳುದು ಸರಿ. ತಪ್ಪು ನಂದೂ ಉಂಟು. ಬರೆ."

ಡೆರಿಲ್‌ನ ಮುಖ ಊದಿಕೊಂಡಿತ್ತು. ಹಳೆಯ ಶೀಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಉಜ್ಜಿ ಅಳಿಸಿದ್ದರೂ ಸಫಾಳ ಪೆನ್ಸಿಲು ಒತ್ತಿದ ಗೀರುಗಳು ಶಾಯಿಯ ಅಡಿಯಲ್ಲಿ ಹಾಗೇ ಇದ್ದವು. ಒಂದೊಂದೇ ಓದಿ ಬರೆದ. "ಬಲ ಎಂಟು. ಒಂದು ಪೆಟ್ಟಿಗೆ ಸಾಯ್ತಾಳೆ ಇವಳು, ಹೇಳಿದ್ದೇನೆ."

"ಸಾಯ್ಲಿ. ದಡ ಮುಟ್ಟಿದ ಮೇಲೆ."

ಆರನೇ ಭಾಷೆ ಬರೆದು ಮುಗಿಯುವವರೆಗೂ ಅವಳು ಕೂರಲಿಲ್ಲ. ನಿಂತೇ ಬೀಪಾತುವಾದಳು. ಮೊದಲ ಪ್ರಶ್ನೆಗೆ ತುಳುವಿನಲ್ಲಿ ಉತ್ತರ ಕೊಟ್ಟಳು; ನೀರು ಒಂದು ಗೇಣು ಇಳಿಯಿತು. "ಖಂಯ್ ವೆತಾತ್?" ಎಂದು, ಎಲ್ಲಿಗೆ ಹೋಗುತ್ತೀರೆಂದು ಜಿನ್ನ್ ಕೊಂಕಣಿಯಲ್ಲಿ ಕೇಳಿತು. ಅದಕ್ಕೂ ಕೊಟ್ಟಳು. ಅಜ್ಜಿಯ ಕಥೆ ನಿದ್ದೆ ಹೋಗುತ್ತಿದ್ದುದು ಇಲ್ಲಿಯೇ. ಮೂರನೆಯದನ್ನು ನೆವಿಲ್ ತಾನೇ ಯೋಚಿಸಿಟ್ಟಿದ್ದ. ಸಫಾಳ ಮನೆಮಾತಾದ ಬ್ಯಾರಿಯಲ್ಲಿ, ತಪ್ಪುತಪ್ಪಾಗಿ ಕೇಳಿದ: ಇವತ್ತಿನ ದೋಣಿಕೂಲಿ ಎಲ್ಲಿ?

ಸಫಾ ಮೇಜಿನಾಚೆಗೆ ಅಂಗೈ ಚಾಚಿದಳು. "ಕೊಡಿ. ಒಬ್ಬೊಬ್ಬರು ಒಂದೊಂದು ಮಾತು."

"ಸಾಯ್ಬಾ" ಎಂದಳು ಶರೊನ್. ದೇವರೇ ಎಂದು ಅರ್ಥ. ವಾರ್ಡಿನಲ್ಲಿ ದಿನಕ್ಕೆ ನೂರು ಸಲ ಹೇಳುವ ಮಾತು.

ಡೆರಿಲ್ ದಾಳವನ್ನೇ ನೋಡುತ್ತಿದ್ದ. "ಡ್ಯಾಮೇಜ್."

"ಅದು ನಿನ್ನ ಭಾಷೆಯಾ?"

"ಹೌದು. ಅದೇ ನನ್ನ ಭಾಷೆ. ಬೇಕಾದ್ರೆ ತಗೋ."

ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಇನ್ನೂ ಇತ್ತು ಅವಳಲ್ಲಿ. ಆದರೆ ಕೂಲಿ ಕೂಲಿಯೇ. ದುಪಟ್ಟಾದ ತುದಿ ಹಿಡಿದು, ಅವನ ಕಣ್ಣೆದುರಿಗೇ, ಬಿಗಿಯಾಗಿ ಎರಡು ಗಂಟು ಹಾಕಿ, ಇಗೋ ಕೂಲಿ ಎಂದು ಬ್ಯಾರಿಯಲ್ಲೇ ಹೇಳಿ ನೆವಿಲ್‌ಗೆ ತೋರಿಸಿದಳು.

"ಜಿನ್ನ್ ಕೈ ಬಿಟ್ಟಿತು" ಎಂದ ನೆವಿಲ್. "ದೋಣಿ..."

"ನೀನು ಸುಮ್ಮನಿರು. ಇದನ್ನು ನಾನು ಹೇಳ್ತೇನೆ."

ಹೇಳಿದಳು, ಒಬ್ಬರನ್ನೂ ಬಿಡದೆ. ದೋಣಿಯ ಮೂತಿ ಮರಳಿಗೆ ಕಚ್ಚಿತು. ಮಕ್ಕಳು ಹಾರಿದರು, ಹಿರಿಯರು ಕೈ ಹಿಡಿದು ಇಳಿದರು. ಎಲ್ಲರ ಕೊನೆಗೆ ಮದುಮಗಳು ಒದ್ದೆ ಸೆರಗು ಹಿಂಡಿ, ಆಚೆ ದಡದಲ್ಲಿ ಕಾಲಿಟ್ಟಳು.