ಉಸಿರು ಬಿಟ್ಟರೆ ಔಟ್

೧

ಈ ಕಥೆಯನ್ನು ಉಸಿರು ಎಳೆದುಕೊಳ್ಳುವುದರಿಂದ ಶುರು ಮಾಡಬೇಕೋ, ಬಿಡುವುದರಿಂದಲೋ ಎಂದು ಯೋಚಿಸುತ್ತಾ ಎರಡು ಕಪ್ ಚಹಾ ಮುಗಿಸಿದ್ದೇನೆ. ಎಳೆದುಕೊಂಡರೆ ಯೋಗದ ಪುಸ್ತಕದಂತೆ ಕಾಣುತ್ತದೆ. ಬಿಟ್ಟರೆ ನಾಯಕಿ ಮೊದಲ ಸಾಲಿನಲ್ಲೇ ಔಟ್.

ಹಾಗೆಂದು ನಂಬಿರುವವಳು ನಾಯಕಿಯೇ. ಹೆಸರು ರೇಣು, ಊರು ಮುನವಳ್ಳಿ, ವಯಸ್ಸು ಹದಿನಾರು. ಐದು ವರ್ಷ ಕಬಡ್ಡಿ ಆಡಿ ಕಳೆದ ವರ್ಷ ಬಾಕ್ಸಿಂಗಿಗೆ ಬಂದವಳು. ಕಬಡ್ಡಿಯಲ್ಲಿ ಎದುರಾಳಿಗಳ ಅಂಗಳಕ್ಕೆ ಕಾಲಿಟ್ಟ ಮೇಲೆ ಒಂದೇ ಉಸಿರು. ಅದು ಕಡಿದರೆ ಆಟಗಾರ್ತಿ ಹೊರಗೆ. ಕೈಗೆ ಗ್ಲೌಸ್ ಬಂದು ವರ್ಷವಾದರೂ ಆಟ ಬದಲಾದ ಸುದ್ದಿ ಅವಳ ಶ್ವಾಸಕೋಶಕ್ಕೆ ಮುಟ್ಟಿಲ್ಲ.

(ಓದುಗರೇ, ನೀವೂ ಉಸಿರು ಹಿಡಿದಿದ್ದರೆ ಬಿಡಿ. ದಾರಿ ಇನ್ನೂ ದೂರವಿದೆ.)

೨

ಮೊದಲ ಕರಡು, ಹರಿದು ಹಾಕಿದ್ದು:

ಗಂಟೆ ಹೊಡೆದದ್ದೇ ತಡ ರೇಣು ಎದೆ ತುಂಬ ಗಾಳಿ ತುಂಬಿಕೊಂಡು ನುಗ್ಗಿ ಎಡಗೈ ಬೀಸಿ ಬಲಗೈ ಬೀಸಿ ಮತ್ತೆ ಎಡಗೈ ಬೀಸಿ ಮುಖ ಕೆಂಪಾಗಿ ಕಿವಿ ಗುಂಯ್‌ಗುಟ್ಟಿ ಎದುರಿನ ಹುಡುಗಿ ಒಬ್ಬಳಿದ್ದವಳು ಇಬ್ಬರಾಗಿ ಇಬ್ಬರಲ್ಲಿ ಯಾರನ್ನು ಹೊಡೆಯುವುದೆಂದು ತಿಳಿಯದೆ ನಡುವಿನ ಗಾಳಿಗೆ ಹೊಡೆದು ಧೊಪ್ಪನೆ ಬಿದ್ದಳು.

ಇದು ಸವದತ್ತಿಯಲ್ಲಿ ನಡೆದದ್ದು. ಎದುರಾಳಿ ಅವಳನ್ನು ಮುಟ್ಟಿಯೇ ಇರಲಿಲ್ಲ. ಹೊಡೆತ ತಿನ್ನದೆ ಬಿದ್ದ ಬಾಕ್ಸರ್ ಎಂದು ಮುನವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ವಾರ ನಗೆಯೋ ನಗೆ. ರೇಣು ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಮನೆಯವರ ಮುಂದೆ ಮಾತು ಕೊಟ್ಟಳು: ಬೈಲಹೊಂಗಲದ ಆಯ್ಕೆ ಪಂದ್ಯದಲ್ಲಿ ಸೋತರೆ ಮತ್ತೆ ಬಾಕ್ಸಿಂಗ್ ಹೆಸರೆತ್ತುವುದಿಲ್ಲ.

ಅವಳ ಕೋಚ್ ಖಾಸಿಮಸಾಬರು. ಹೊಟ್ಟೆಪಾಡಿಗೆ ಟೆಂಪೋ ಓಡಿಸುತ್ತಾರೆ. ಬಾಕ್ಸಿಂಗ್ ಕಲಿತದ್ದು ಮೊಬೈಲ್ ನೋಡಿ; ಅದಕ್ಕೂ ಮೊದಲು ಇಪ್ಪತ್ತು ವರ್ಷ ಕಬಡ್ಡಿಯ ಅಂಪೈರ್, ಆಗಿನ ಪೀಪಿ ಇನ್ನೂ ಕೊರಳಲ್ಲೇ ಇದೆ. ಯಾರ ಉಸಿರು ಎಲ್ಲಿ ಕಡಿಯಿತು ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರಂತೆ. ಗುರು ಶಿಷ್ಯೆ ಇಬ್ಬರಿಗೂ ಒಂದೇ ಕಾಯಿಲೆ ಎಂದು ಕಥೆಗಾರನಾದ ನನಗೆ ಹೊಳೆಯಲು ಒಂದು ಕರಡು ಖರ್ಚಾಯಿತು.

೩

ಎರಡನೆಯ ಕರಡಿನಲ್ಲಿ ಕಿತ್ತೂರಿನ ಹೆದ್ದಾರಿ ಧಾಬಾಕ್ಕೆ ಒಬ್ಬ ಯೋಗಿಯನ್ನು ತಂದು ಕೂರಿಸಿದೆ. ಟೆಂಪೋ ನಿಲ್ಲುತ್ತದೆ, ಯೋಗಿ ಮೂಗು ಹಿಡಿದು ರೇಣುವಿಗೆ ಪ್ರಾಣಾಯಾಮ ಬೋಧಿಸುತ್ತಾನೆ, ಓದುಗರು ಧನ್ಯರಾಗುತ್ತಾರೆ.

ರೇಣು ಟೆಂಪೋದಿಂದ ಇಳಿಯಲೇ ಇಲ್ಲ. “ಸರ್, ಈ ಅಜ್ಜ ಯಾರ್ರಿ? ಹಿಂದಿನ ಪುಟದಾಗ ಇರಲಿಲ್ಲಲ್ಲ,” ಅಂದಳು. ಮೂಗು ಹಿಡಿದುಕೊಂಡು ಕುಂತರೆ ಎದುರಿನವಳು ಸುಮ್ಮನೆ ನಿಂತಿರುತ್ತಾಳೇನು ಎಂದೂ ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಯೋಗಿಯನ್ನು ಚಹಾ ಕೂಡ ಕುಡಿಸದೆ ಕಳಿಸಿದೆ. ಪಾಪ.

೪

ಉಪಾಯ ಸಿಕ್ಕಿದ್ದು ಮಲಪ್ರಭೆಯ ದಂಡೆಯಲ್ಲಿ. ರೇಣುವಿನ ತಾಯಿ ಸಾವಂತ್ರೆವ್ವ ಕೌದಿ ಒಗೆಯುತ್ತಿದ್ದರು. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ತೊಯ್ದರೆ ಎಮ್ಮೆಗರುವಿನಷ್ಟು ಭಾರ. ಅದನ್ನು ಎತ್ತುವಾಗ ಅವರು ಮೂಗಿನಿಂದ ಉಸಿರೆಳೆದರು. ಕಲ್ಲಿಗೆ ಬಡಿಯುವಾಗ ಹಲ್ಲಿನ ಸಂದಿಯಿಂದ ಹುಸ್ ಎಂದು ಬಿಟ್ಟರು. ಎಂಟು ಕೌದಿ ಮುಗಿದರೂ ಏದುಸಿರಿಲ್ಲ.

ಇಲ್ಲಿ ತಾಯಿಯ ಬಾಯಲ್ಲಿ ಒಂದು ದೊಡ್ಡ ಮಾತು ಹೇಳಿಸಬೇಕೆಂದು ನನಗೆ ತುಂಬ ಆಸೆ. ಅವರು ಒಪ್ಪಲಿಲ್ಲ.

“ನನಗ್ಯಾವ ಬಾಕ್ಸಿಂಗ್ ಬರತೈತ್ರಿ? ಬಡಿಯೂಮುಂದ ಉಸುರು ಬಿಡಲಿಲ್ಲಂದ್ರ ಸೊಂಟ ಹಿಡಿತೈತಿ, ಅಷ್ಟ.”

ರೇಣು ಒಂದು ಕೌದಿ ಎತ್ತಿದಳು. ಹುಸ್. ಮತ್ತೊಂದು. ಹುಸ್. ತಿಂಗಳಲ್ಲಿ ಓಣಿಯ ಕೌದಿಗಳೆಲ್ಲ ಮಡಿಯಾದವು. ಖಾಸಿಮಸಾಬರು ದಂಡೆಯಲ್ಲಿ ಕುಳಿತು, ಇನ್ನು ಮೇಲೆ ಹೊಡೆತಕ್ಕೊಂದು ಉಸಿರು ಬಿಡಬೇಕು ಎಂದು ಅಪ್ಪಣೆ ಮಾಡಿದರು.

೫

(ಈ ಭಾಗದಲ್ಲಿ ಏನೂ ಇಲ್ಲ. ಉಸಿರಾಡಿ.)

೬

ಬೈಲಹೊಂಗಲ. ಎರಡೆರಡು ನಿಮಿಷದ ಮೂರು ಸುತ್ತು. ಎದುರಿಗೆ ಸುರೇಬಾನದ ನಾಗರತ್ನಾ, ಉದ್ದ ಕೈಯವಳು.

ಮೊದಲ ಸುತ್ತಿನಲ್ಲಿ ರೇಣುವಿಗೆ ಹೊಳೆಯೂ ನೆನಪಿಲ್ಲ, ಕೌದಿಯೂ ನೆನಪಿಲ್ಲ. ಹಳೆ ಚಾಳಿ, ಬಿಗಿ ಹಿಡಿದ ಉಸಿರು. ಗಂಟೆ ಹೊಡೆಯದಿದ್ದರೆ ಅಲ್ಲೇ ಬೀಳುತ್ತಿದ್ದಳು. ಎರಡನೆಯ ಸುತ್ತಿನ ನಡುವೆ ನಾಗರತ್ನಾಳ ಒಂದು ಏಟು ಪಕ್ಕೆಗೆ ಬಿತ್ತು, ಒಳಗೆ ಹಿಡಿದದ್ದೆಲ್ಲ ತಾನಾಗಿಯೇ ಹೊರಗೆ ಬಂತು. ಆಗ ನೆನಪಾಯಿತು. ಮೂಗಿನಿಂದ ಎಳೆದಳು, ಹೊಡೆದಳು.

ಹುಸ್.

ಅಂಥ ಚಂದದ ಹೊಡೆತವನ್ನು ನಾನು ಬರೆದಿರಲಿಲ್ಲ, ಅದು ಅವಳದೇ. ಅದೇ ಕ್ಷಣಕ್ಕೆ ಪೀಪಿ ಕೂಗಿತು. ಊದಿದವರು ಖಾಸಿಮಸಾಬರು. ಇಪ್ಪತ್ತು ವರ್ಷದ ಅಂಪೈರಿಕೆ. ಉಸಿರು ಕಡಿದದ್ದು ಕಿವಿಗೆ ಬಿದ್ದೊಡನೆ ಕೈ ತಾನಾಗಿಯೇ ಕೊರಳ ಪೀಪಿಗೆ ಹೋಗಿ, ಬಾಯಿ “ಔಟ್” ಅಂದುಬಿಟ್ಟಿತ್ತು. ನಾಗರತ್ನಾ ಗಾಬರಿಯಾಗಿ ಕೈ ಇಳಿಸಿದಳು. ರೇಣು ಹಳೆ ಅಭ್ಯಾಸದಂತೆ ತಲೆ ತಗ್ಗಿಸಿ ರಿಂಗಿನಿಂದ ಇಳಿಯಲು ಹೊರಟಿದ್ದಳು. ರೆಫರಿ ಅವಳನ್ನು ತಡೆದು ನಿಲ್ಲಿಸಿ, ಕೋಚನ್ನು ಹಾಲ್‌ನಿಂದ ಹೊರಗೆ ಕಳಿಸಿದರು.

ನಾನು ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಆಮೇಲೆ ತಲೆಯೆತ್ತಿ ನೋಡಿದೆ. ಎರಡನೆಯ ಸುತ್ತು ಮುಗಿದಿತ್ತು; ಹುಡುಗಿ ಮೂಲೆಯಲ್ಲಿ ಒಬ್ಬಳೇ ಕೂತಿದ್ದಳು, ನೀರು ಕೊಡುವವರೂ ಇಲ್ಲ.

೭

ಕೊನೆಗಳು. (ಅ) ರೇಣು ಗೆಲ್ಲುತ್ತಾಳೆ, ಬಸ್‌ಸ್ಟ್ಯಾಂಡ್ ಬಾಯಿ ಮುಚ್ಚುತ್ತದೆ. (ಆ) ಸೋಲುತ್ತಾಳೆ, ಆದರೂ ಏನೋ ಕಲಿತಳು ಎಂದು ನಾನು ಎರಡು ಪ್ಯಾರಾ ಕೊರೆಯುತ್ತೇನೆ. (ಇ) ಕರೆಂಟು ಹೋಗುತ್ತದೆ.

ನಾನು (ಅ)ಗೆ ಕೈ ಹಾಕಿದೆ. ರೇಣು ಮೂಲೆಯಿಂದ ನನ್ನ ಕಡೆ ತಿರುಗಿದಳು.

“ನೀವು ಗೆಲ್ಲಿಸಿದ್ರ ಊರಾಗ ಏನಂತ ಹೇಳ್ಲಿ ಸರ್? ಕತಿ ಬರಿಯಾವ್ರು ಗೆಲ್ಲಿಸಿದ್ರು ಅಂತೇನು? ಖಾಸಿಮ ಕಾಕಾ ಹೊರಗ ಒಬ್ಬನ ನಿಂತಾನ. ನೀವೂ ಹೋಗ್ರಿ.”

ಹೋದೆ.

೮

ಹಾಲ್‌ನ ಹಿಂದೆ ಕಿಟಕಿ ಇದೆ, ಇಬ್ಬರಿಗೂ ಎಟುಕುವುದಿಲ್ಲ. ಮೂರನೆಯ ಸುತ್ತಿನ ಗಂಟೆ ಕೇಳಿಸಿತು. ಖಾಸಿಮಸಾಬರು ಗೋಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು.

ಹುಸ್. ಹುಸ್. ಹುಸ್.

ಅಂಕವೆಷ್ಟು, ಯಾರು ಮುಂದು ಎಂದು ನನ್ನನ್ನು ಕೇಳಬೇಡಿ. ನನಗೂ ಗೋಡೆ ಅಡ್ಡ ಇದೆ. ಒಳಗೆ ಯಾರೋ ಕೂಗಿದರು, ಏನೋ ಧಪ್ಪೆಂದಿತು, ಆಮೇಲೆ ಸದ್ದಿಲ್ಲ. ಇಪ್ಪತ್ತು ವರ್ಷ ಹುಡುಗಿಯರ ಉಸಿರು ಕಡಿಯುವುದನ್ನೇ ಹೊಂಚಿ ಕೂತ ಮನುಷ್ಯ ನನ್ನ ತೋಳು ಹಿಡಿದುಕೊಂಡರು.

“ಬಿಡವಾ,” ಅಂದರು ಗೋಡೆಗೆ. “ಉಸುರು ಬಿಡವಾ ರೇಣು.”

ನಾನೂ ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ.

ಹುಸ್.

“ಬಂತ್ರಿ,” ಅಂದರು ಖಾಸಿಮಸಾಬರು, ಕಣ್ಣು ತೆರೆಯದೆ. “ಇನ್ನೊಂದ್ ಬರ್ಲಿ, ತಡೀರಿ.”